ಲಾಭದ ಹೆಡ್‌ಲೈನ್ ಕೆಳಗೆ ಸಾಲದ್ದೂ ಒಂದು ಲೈನ್ ಹಾಕಿ ಸಾರ್

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ವಾಣಿಜ್ಯ ಪುಟದ ಬಗ್ಗೆ ನಂದೊಂದು ತಕರಾರಿದೆ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ನನ್ನ ಸ್ವಂತ ಕಥೆಗೆ ಹಾಕಿ, ಲೆಕ್ಕಕ್ಕೆ ಮಾತ್ರ ಹಾಕ್ಬೇಡಿ. ಮೂರು ತಿಂಗಳಿಗೊಮ್ಮೆ ಕಂಪನಿಗಳ ರಿಸಲ್ಟ್ ಬಂದಾಗ ನೀವು ಹಾಕೋದು ಒಂದೇ ಥರ, ಇಂಥಾ ಕಂಪನಿ ಲಾಭ ಶೇ 60 ಏರಿಕೆ, ಕೆಳಗೆ ಆದಾಯ ಎಷ್ಟು ಕೋಟಿ, ಹೋದ ವರ್ಷ ಇದೇ ಟೈಮಲ್ಲಿ ಎಷ್ಟಿತ್ತು, ಎಂಡಿ ಸಾಹೇಬ್ರಿಗೆ ಖುಷಿಯಾಯ್ತು, ಮುಗೀತು. ಪಕ್ಕದ ಕಾಲಮ್ಮಲ್ಲಿ ಅದೇ ಕಂಪನಿ ಷೇರು ಶೇ 4 ಬಿತ್ತು ಅಂತ ಇರುತ್ತೆ. ಲಾಭ ಏರಿದ್ರೆ ಷೇರು ಯಾಕೆ ಬಿತ್ತು ಅಂತ ಓದುಗ ತಲೆ ಕೆರ್ಕೊಂಡು ಕೂರಬೇಕು.

ನಾಪೋಕ್ಲಲ್ಲಿ ಕಾಕನ ಹೋಟೆಲಲ್ಲಿ ಬೆಳಿಗ್ಗೆ ಚಾ ಕುಡಿಯೋ ನಮ್ಮ ನಾಕೈದು ಜನರ ಗುಂಪಿಗೆ ಇದೇ ದೊಡ್ಡ ಚರ್ಚೆ. ಒಬ್ಬ ಹೇಳ್ತಾನೆ ಎಲ್ಲ ಆಪರೇಟರ್‌ಗಳ (ಷೇರಿನ ರೇಟನ್ನ ಬೇಕಂತಲೇ ಏರಿಸಿ ಇಳಿಸೋರು) ಆಟ ಅಂತ, ಇನ್ನೊಬ್ಬ ಫಾರಿನ್‌ನವ್ರು ಮಾರ್ತಿದ್ದಾರೆ ಅಂತಾನೆ, ಮೂರನೆಯವನು ಟಿವಿಯಲ್ಲಿ ಯಾರೋ ಹೇಳಿದ್ದನ್ನ ಹೇಳ್ತಾನೆ. ಆಪರೇಟರ್ ಇಲ್ಲ ಅಂತ ನಾನೇನು ಹೇಳಲ್ಲ. ಆದ್ರೆ ನಾನು ಒಂದು ಸಹಕಾರ ಸಂಘದಲ್ಲಿ 31 ವರ್ಷ ಸಾಲದ ಲೆಡ್ಜರ್ ಬರೆದವನು, ನನ್ನ ಕಣ್ಣು ಮೊದಲು ಹೋಗೋದೇ ಸಾಲದ ಕಡೆ, ಮತ್ತೆ ನೀವು ಪ್ರಿಂಟ್ ಮಾಡದೇ ಬಿಟ್ಟಿರೋದೂ ಅದನ್ನೇ.

ಕಂಪನಿ ಲೆಕ್ಕ ಬೇಡ, ನಮ್ಮೂರ ಲೆಕ್ಕವೇ ತಗೊಳ್ಳೋಣ. ಅಣ್ಣ ತಮ್ಮ ಇಬ್ಬರಿಗೂ ಪಾಲಲ್ಲಿ ಒಂದೇ ಅಳತೆ ರೋಬಸ್ಟಾ ಕಾಫಿ ತೋಟ ಬಂದಿದೆ ಅಂತ ಇಟ್ಕೊಳ್ಳಿ, ತಲಾ 100 ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಬರುತ್ತೆ, ಕೂಲಿ ಗೊಬ್ಬರ ಕಪಾತು ಎಲ್ಲ ಸೇರಿ ತಲಾ 3 ಲಕ್ಷ ಖರ್ಚು. ಅಣ್ಣಂಗೆ ಸಾಲ ಇಲ್ಲ. ತಮ್ಮ 15 ಲಕ್ಷ ಬ್ಯಾಂಕ್ ಸಾಲ ಮಾಡಿದ್ದಾನೆ, 10 ಪರ್ಸೆಂಟ್ ಅಂದ್ರೆ ವರ್ಷಕ್ಕೆ ಒಂದೂವರೆ ಲಕ್ಷ ಬಡ್ಡಿ. 2023ರ ಶುರುವಲ್ಲಿ 50 ಕೆಜಿ ಚೀಲಕ್ಕೆ 5 ಸಾವಿರದ ಆಸುಪಾಸು ಇತ್ತಲ್ಲ, ಆ ರೇಟಿಗೆ ಅಣ್ಣಂಗೆ 2 ಲಕ್ಷ ಉಳೀತು, ತಮ್ಮಂಗೆ 50 ಸಾವಿರ. ಆಮೇಲೆ ವಿಯೆಟ್ನಾಂನಲ್ಲಿ ಬೆಳೆ ಕೈಕೊಡ್ತು, 2024ರ ಏಪ್ರಿಲ್ ಹೊತ್ತಿಗೆ ನಮ್ಮಲ್ಲಿ ಚೀಲ 10 ಸಾವಿರದ ಹತ್ರ ಹೋಯ್ತು, ನಾವ್ಯಾರೂ ಕನಸಲ್ಲೂ ನೋಡಿರದ ರೇಟು. ಖರ್ಚು ಅಷ್ಟೇ ಅಂತ ಇಟ್ಕೊಂಡ್ರೆ (ಇರಲ್ಲ, ಕೂಲಿ ಏರಿದೆ, ಇರಲಿ) ಅಣ್ಣಂಗೆ 7 ಲಕ್ಷ, ತಮ್ಮಂಗೆ ಐದೂವರೆ ಲಕ್ಷ.

ಈಗ ಇವ್ರಿಬ್ಬರೂ ಕಂಪನಿ ಆಗಿದ್ರೆ ನೀವು ಹೇಗೆ ಹಾಕ್ತಿದ್ರಿ? ಅಣ್ಣನ ಲಾಭ ಮೂರೂವರೆ ಪಟ್ಟು, ತಮ್ಮನ ಲಾಭ 11 ಪಟ್ಟು! ತಮ್ಮಂದೇ ದೊಡ್ಡ ಹೆಡ್‌ಲೈನು, ಅಣ್ಣಂದು ಮೂಲೆಯಲ್ಲಿ. ಆದ್ರೆ ಇಬ್ಬರ ತೋಟದಲ್ಲೂ ಆಗಿದ್ದು ಒಂದೇ, ಅದೇ ಮಳೆ ಅದೇ ರೇಟು, ತಮ್ಮ ಒಂದು ಗಿಡ ಜಾಸ್ತಿ ನೆಟ್ಟಿಲ್ಲ. ಬಡ್ಡಿ ಅನ್ನೋದು ರೇಟು ಏರಲಿ ಇಳೀಲಿ ಅಲ್ಲಾಡದೇ ಕೂತಿರೋ ಖರ್ಚು, ಅದರಿಂದ ಅವನ ಕೈಗೆ ಉಳಿಯೋ ಸಣ್ಣ ತುಂಡು ಒಂದೇ ಏಟಿಗೆ ದಪ್ಪ ಆಗಿ ಕಾಣುತ್ತೆ. ಚೀಲ ನಾಕೂವರೆ ಸಾವಿರಕ್ಕೆ ಇಳಿದ್ರೆ ಅಣ್ಣಂಗೆ ಇನ್ನೂ ಒಂದೂವರೆ ಲಕ್ಷ ಉಳಿಯುತ್ತೆ, ತಮ್ಮಂಗೆ ಸೊನ್ನೆ. 4 ಸಾವಿರಕ್ಕೆ ಬಂದ್ರೆ ಅಣ್ಣ ಒಂದು ಲಕ್ಷದಲ್ಲಿ ಹೇಗೋ ಸಂಸಾರ ತೂಗಿಸ್ತಾನೆ, ತಮ್ಮಂಗೆ 50 ಸಾವಿರ ಲಾಸು. ಹಂಗಾಗಿ ಪೇಟೆಯಲ್ಲಿ ಲೆಕ್ಕ ಗೊತ್ತಿರೋರು ತಮ್ಮನ 11 ಪಟ್ಟು ನೋಡಿ ಷೇರಿಗೆ 11 ಪಟ್ಟು ಕೊಡಲ್ಲ. ಅದರಲ್ಲಿ ತೋಟದ ದುಡಿಮೆ ಎಷ್ಟು, ಸಾಲದ ಜೋಕಾಲಿ ಎಷ್ಟು ಅಂತ ಬಿಡಿಸಿ ನೋಡ್ತಾರೆ.

ಇದು ಅರ್ಧ ಕಥೆ. ಇನ್ನರ್ಧ ಇನ್ನೂ ಖಾರ. ತಮ್ಮನ ಸಾಲ 15 ಲಕ್ಷ ಅಲ್ಲ, ಬಡ್ಡಿ ಚಕ್ರಬಡ್ಡಿ ಬೆಳೆದು 60 ಲಕ್ಷ ಆಗಿದೆ, ತೋಟ ಮಾರಿದ್ರೆ 50 ಲಕ್ಷ ಬರುತ್ತೆ ಅಂತ ಇಟ್ಕೊಳ್ಳಿ. ಒಳ್ಳೆ ರೇಟು ಬಂದು ತೋಟದ ಬೆಲೆ 58 ಲಕ್ಷ ಆಯ್ತು. ತಮ್ಮಂಗೆ ಏನು ಸಿಕ್ತು? ಏನೂ ಇಲ್ಲ. ಮೊದಲು ಬ್ಯಾಂಕಿಗೆ 10 ಲಕ್ಷ ಮುಳುಗ್ತಿತ್ತು, ಈಗ 2 ಲಕ್ಷ ಮುಳುಗುತ್ತೆ, ಅಂದ್ರೆ ಆ 8 ಲಕ್ಷದ ಸಂತೋಷ ಪೂರ್ತಿ ಬ್ಯಾಂಕ್ ಮ್ಯಾನೇಜರ್‌ದು. ಸಾಲ ಕಟ್ಟದಿದ್ರೆ ಅಡವಿಟ್ಟ ಆಸ್ತಿನ ಬ್ಯಾಂಕೇ ವಶಕ್ಕೆ ತಗೊಳ್ಳೋ ಸರ್ಫೇಸಿ ನೋಟಿಸ್ ಅಂದ್ರೆ ಏನು ಅಂತ ಕೊಡಗಿನ ಬೆಳೆಗಾರರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ತೋಟದಲ್ಲಿ ಎಷ್ಟೇ ಚೆನ್ನಾಗಿ ಹೂಮಳೆ ಬಿದ್ದಿದ್ರೂ ಆ ನೋಟಿಸ್ ಬಂದ ಮನೆಯಲ್ಲಿ ಯಾರೂ ಪಾಯಸ ಮಾಡಲ್ಲ.

ಕಂಪನಿ ಷೇರುದಾರನ ಸ್ಥಿತಿನೂ ಇದೇ ತಾನೇ. ಅವನು ಮದುವೆ ಊಟದ ಕೊನೇ ಪಂಕ್ತಿಯವನು. ಮೊದಲ ಪಂಕ್ತಿಯಲ್ಲಿ ಬ್ಯಾಂಕು, ಡಿಬೆಂಚರ್‌ನವರು (ಸಾಲಪತ್ರ ಕೊಂಡು ಕಂಪನಿಗೆ ಸಾಲ ಕೊಟ್ಟವ್ರು), ಕಾರ್ಮಿಕರು ಎಲ್ಲ ಉಂಡು ಎದ್ದ ಮೇಲೆ ಪಾತ್ರೆಯಲ್ಲಿ ಉಳಿದಿದ್ದು ಇವನಿಗೆ. ನಮ್ಮ 2016ರ ದಿವಾಳಿ ಕಾಯ್ದೆಯ ಸೆಕ್ಷನ್ 53 ಓದಿ ನೋಡಿ, ಯಾರಿಗೆ ಮೊದಲು ಯಾರಿಗೆ ಆಮೇಲೆ ಅಂತ ಪಟ್ಟಿನೇ ಇದೆ, ಈಕ್ವಿಟಿ ಷೇರುದಾರ ತಳದಲ್ಲಿ. 1974ರಲ್ಲೇ ರಾಬರ್ಟ್ ಮರ್ಟನ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಲೆಕ್ಕದಲ್ಲಿ ಹಾಕಿ ತೋರಿಸಿದ್ರು, ಸಾಲ ಇರೋ ಕಂಪನಿಯ ಷೇರು ಅಂದ್ರೆ ಒಂದು ಥರ ಕಾಲ್ ಆಪ್ಷನ್ (ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳೋ ಹಕ್ಕು), ಕಂಪನಿ ಆಸ್ತಿ ಬೆಲೆ ಸಾಲದ ಗೆರೆ ದಾಟಿದ್ರೆ ಮಾತ್ರ ಕಾಸು, ದಾಟದಿದ್ರೆ ಕಾಗದ. ಆಪ್ಷನ್ ಆಡೋ ಈಗಿನ ಹುಡುಗ್ರಿಗೆ ಇದು ನಮಗಿಂತ ಬೇಗ ಅರ್ಥ ಆಗ್ಬೇಕು.

ಇದನ್ನ ನಾನು ಕಾಕನ ಹೋಟೆಲಲ್ಲಿ ಕೂತು ಕಂಡುಹಿಡಿದೆ ಅಂದ್ಕೊಳ್ಬೇಡಿ. ನನ್ನ ಅಕ್ಕನ ಮಗ ಬೆಂಗಳೂರಲ್ಲಿ ಫೈನಾನ್ಸ್ ಕೆಲಸದಲ್ಲಿದ್ದಾನೆ, ಹೋದ ಸಲ ಪುತ್ತರಿ ಹಬ್ಬಕ್ಕೆ ಬಂದಾಗ ನಾನು ಈ ಅಣ್ಣ ತಮ್ಮನ ಲೆಕ್ಕ ಹೇಳಿದ್ರೆ "ಮಾವ, ಇದನ್ನ ಪ್ರೊಫೆಸರ್‌ಗಳು ಯಾವತ್ತೋ ಅಳೆದಿದ್ದಾರೆ" ಅಂದ. ಅವನು ಹೇಳಿದ್ದು, ಆಮೇಲೆ ನಾನೂ ಓದಿದ್ದು ಇಷ್ಟು. 1968ರಲ್ಲಿ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಅಂತ ಇಬ್ಬರು, ಕಂಪನಿ ಲಾಭದ ಸುದ್ದಿಗೂ ಷೇರು ಬೆಲೆಗೂ ನಿಜವಾಗ್ಲೂ ಸಂಬಂಧ ಇದೆಯಾ ಅಂತ ನೋಡಿದ್ರು. ಇದೆ, ಆದ್ರೆ ಬೆಲೆ ಅಲ್ಲಾಡೋದು ಲಾಭ ಎಷ್ಟು ಅಂತಲ್ಲ, ಜನ ಅಂದ್ಕೊಂಡಿದ್ದಕ್ಕಿಂತ ಎಷ್ಟು ಹೆಚ್ಚು ಕಮ್ಮಿ ಅಂತ, ಅದರಲ್ಲೂ ಬಹುಪಾಲು ರಿಸಲ್ಟ್ ದಿನಕ್ಕೆ ಮುಂಚೆನೇ ಬೆಲೆಯಲ್ಲಿ ಸೇರಿಕೊಂಡು ಬಿಟ್ಟಿರುತ್ತೆ. ಪುತ್ತರಿಗೆ ಮುಂಚೆನೇ ಗಿಡ ನೋಡಿ ಎಷ್ಟು ಚೀಲ ಆಗುತ್ತೆ ಅಂತ ವ್ಯಾಪಾರಿ ಅಂದಾಜು ಮಾಡ್ತಾನಲ್ಲ ಹಂಗೆ, ಅವನು 100 ಅಂತ ಗುಣಿಸಿ ಮುಂಗಡ ಕೊಟ್ಟ ಮೇಲೆ 100 ಬಂದ್ರೆ ಅವನಿಗೆ ಸುದ್ದಿನೇ ಅಲ್ಲ.

ಹೀಗೆ ನಿರೀಕ್ಷೆ ಮೀರಿದ ಪ್ರತಿ ರೂಪಾಯಿ ಲಾಭಕ್ಕೆ ಷೇರು ಎಷ್ಟು ಅಲ್ಲಾಡುತ್ತೆ ಅನ್ನೋದಕ್ಕೆ ಒಂದು ಅಳತೆ ಮಾಡ್ಕೊಂಡಿದ್ದಾರೆ. 1991ರಲ್ಲಿ ಧಲಿವಾಲ್, ಲೀ, ಫಾರ್ಗರ್ ಅನ್ನೋ ಮೂವರು ಆ ಅಳತೆಯನ್ನ ಕಂಪನಿಗಳ ಸಾಲದ ಜೊತೆ ಇಟ್ಟು ನೋಡಿದ್ರು. ಸಾಲ ಜಾಸ್ತಿ ಇರೋ ಕಂಪನಿಗಳಲ್ಲಿ ಅದೇ ಥರದ ಲಾಭದ ಸುದ್ದಿಗೆ ಷೇರು ಕಮ್ಮಿ ಸ್ಪಂದಿಸುತ್ತೆ ಅಂತ ಕಂಡ್ರು. ಕಾರಣ ಅದೇ ನಮ್ಮ ತಮ್ಮನ ಬ್ಯಾಂಕ್ ಮ್ಯಾನೇಜರು, ಒಳ್ಳೆ ಸುದ್ದಿಯ ಒಂದು ಪಾಲು ಸಾಲ ಕೊಟ್ಟವನ ಕಡೆ ಹರಿದು ಹೋಗುತ್ತೆ. ಆಮೇಲೆ ಬಂದವ್ರು ಇದಕ್ಕೂ ತಕರಾರು ತೆಗೆದ್ರು, ಬೆಳೆಯೋ ಕಂಪನಿಗಳು ಸಾಮಾನ್ಯವಾಗಿ ಸಾಲ ಕಮ್ಮಿ ಇಟ್ಕೊಂಡಿರ್ತಾವೆ, ಅವುಗಳ ಲಾಭದ ಸುದ್ದಿಗೆ ಪೇಟೆ ಜಾಸ್ತಿ ಕುಣಿಯೋದು ಬೆಳವಣಿಗೆ ಆಸೆಗೆ, ನೀವು ಅದನ್ನ ಸಾಲದ ತಲೆಗೆ ಕಟ್ತಿದ್ದೀರಿ ಅಂತ. ನ್ಯಾಯವಾದ ತಕರಾರೇ. ಸಣ್ಣ ಗಿಡದ ತೋಟ ಒಂದು ವರ್ಷ ಒಳ್ಳೆ ಫಸಲು ಕೊಟ್ರೆ ಇನ್ನು 30 ವರ್ಷ ಕೊಡುತ್ತೆ ಅಂತ ನಂಬಿಕೆ, ಮುದಿ ತೋಟ ಕೊಟ್ರೆ ಈ ಸಲ ಕೊಡ್ತು ಅಂತ ಅಷ್ಟೇ. ಎರಡೂ ಬೆರೆತಿರುತ್ತೆ, ಬಿಡಿಸೋದು ಕಷ್ಟ. ನನಗಂತೂ ಲೆಡ್ಜರ್ ನೋಡಿ ನೋಡಿ ಸಾಲದ ಕಾರಣವೇ ದೊಡ್ಡದು ಅನ್ಸುತ್ತೆ, ನಾನು ಪ್ರೊಫೆಸರ್ ಅಲ್ಲ ಬಿಡಿ.

ಹಾಗಂತ ಸಾಲ ಇರೋ ಕಂಪನಿ ಷೇರು ಯಾವತ್ತೂ ಮಲಗೇ ಇರುತ್ತೆ ಅಂತ ಅಲ್ಲ, ಇಲ್ಲೇ ನಮ್ಮ ಗುಂಪಲ್ಲಿ ಜಗಳ ಆಗೋದು. ಕೆಲವು ಸಲ ಮೂಗಿನ ತನಕ ಸಾಲ ಇರೋ ಕಂಪನಿ ಷೇರು ಒಂದು ಸಣ್ಣ ಲಾಭದ ಸುದ್ದಿಗೆ ದಿನಾ ಅಪ್ಪರ್ ಸರ್ಕ್ಯೂಟ್ (ಒಂದು ದಿನಕ್ಕೆ ಏರೋಕೆ ಬಿಡೋ ಗರಿಷ್ಠ ಮಿತಿ) ಹೊಡೆಯುತ್ತೆ. ಅದು ಹೆಂಗೆ ಅಂದ್ರೆ, ಕಂಪನಿ ಗೆರೆಯ ಹತ್ರನೇ ನಿಂತಿದೆ, ಆಸ್ತಿ 58, ಸಾಲ 60. ಇನ್ನು 5 ಏರಿದ್ರೆ ಸೊನ್ನೆಯಿಂದ ಮೂರು ಆಗುತ್ತೆ. ಅಲ್ಲಿ ಜನ ಖರೀದಿ ಮಾಡೋದು ಲಾಭ ನೋಡಿ ಅಲ್ಲ, ಓಹೋ ಇದು ಸಾಯಲ್ಲ ಅಂತ ಗೊತ್ತಾಗಿದ್ದಕ್ಕೆ. ಅಂಥಾ ಕಂಪನಿಯಲ್ಲಿ ಸಾಲ ಇಷ್ಟು ಕೋಟಿ ತೀರಿಸಿದ್ವಿ ಅನ್ನೋ ಒಂದು ಲೈನು ಲಾಭದ ಹೆಡ್‌ಲೈನಿಗಿಂತ ದೊಡ್ಡ ಸುದ್ದಿ. ಆ ಲೈನು ನಿಮ್ಮ ಪೇಪರಲ್ಲಿ ಬರಲ್ಲ.

ಕೆಟ್ಟ ಸುದ್ದಿಯ ಕಥೆ ಬೇರೆ. ಸಾಲ ಕಮ್ಮಿ ಇರೋ ಕಂಪನಿ ಒಂದು ಕ್ವಾರ್ಟರ್ ಎಡವಿದ್ರೆ ಮುಂದಿನ ಕ್ವಾರ್ಟರ್ ನೋಡೋಣ ಅಂತಾರೆ. ಸಾಲ ಇರೋದು ಎಡವಿದ್ರೆ ಒಂದರ ಹಿಂದೆ ಒಂದು ಶುರು. ಸಾಲ ಕೊಡೋವಾಗ ಬ್ಯಾಂಕು ಷರತ್ತು ಹಾಕಿರುತ್ತೆ, ಬಡ್ಡಿಯ ಇಷ್ಟು ಪಟ್ಟು ಆದಾಯ ಇರಲೇಬೇಕು ಅಂತ, ಅದು ಮುರಿದ್ರೆ ಬಡ್ಡಿ ಏರಿಸ್ತಾರೆ ಇಲ್ಲಾ ದುಡ್ಡು ವಾಪಸ್ ಕೇಳ್ತಾರೆ. ರೇಟಿಂಗ್ ಕಂಪನಿಯವ್ರು ರೇಟಿಂಗ್ ಇಳಿಸ್ತಾರೆ, ಹೊಸ ಸಾಲ ತುಟ್ಟಿ ಆಗುತ್ತೆ. ಪ್ರಮೋಟರ್, ಅಂದ್ರೆ ಕಂಪನಿ ಕಟ್ಟಿದ ಮಾಲೀಕ, ತನ್ನ ಷೇರನ್ನೇ ಅಡವಿಟ್ಟು ಸಾಲ ತಂದಿದ್ರಂತೂ ಮುಗೀತು, ಷೇರು ಬಿದ್ದಷ್ಟೂ ಇನ್ನಷ್ಟು ಅಡವಿಡು ಅಂತಾರೆ, ಇಡೋಕೆ ಇಲ್ಲದಿದ್ರೆ ಅವ್ರೇ ಪೇಟೆಯಲ್ಲಿ ಮಾರ್ತಾರೆ, ಮಾರಿದಷ್ಟೂ ಬೀಳುತ್ತೆ. ಮಳೆಗಾಲದಲ್ಲಿ ಗುಡ್ಡದ ಬರೆ ಜಾರಿದ ಹಾಗೆ, ಮೊದಲು ಒಂದು ಹಿಡಿ ಮಣ್ಣು, ಆಮೇಲೆ ಮರ, ಆಮೇಲೆ ರಸ್ತೆ. 2018ರ ಆಗಸ್ಟಲ್ಲಿ ಕೊಡಗಿನ ಭೂಕುಸಿತ ನೋಡಿದವ್ರಿಗೆ ಈ ಮಾತು ತಮಾಷೆ ಅನ್ಸಲ್ಲ, ನನಗೂ ಅಲ್ಲ.

ನನ್ನ ಸ್ವಂತ ಕಥೆ ಈಗ, ಬೇಕಿದ್ರೆ ಬಿಡಿ. 2015ರಲ್ಲಿ ಕರಿಮೆಣಸಿಗೆ ಕೆಜಿಗೆ 600 ದಾಟಿತ್ತು, ಕೈಯಲ್ಲಿ ಸ್ವಲ್ಪ ಕಾಸಿತ್ತು. ಒಂದು ದೊಡ್ಡ ಕಟ್ಟಡ ರಸ್ತೆ ಕಂಪನಿ ಲಾಭ ದುಪ್ಪಟ್ಟು ಅಂತ ಪೇಪರಲ್ಲಿ ಓದಿದೆ (ನಿಮ್ಮದೇ ಪೇಪರ್ ಅಂತ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ). 62 ರೂಪಾಯಿಗೆ 400 ಷೇರು ತಗೊಂಡೆ. ಲಾಭ ಬಂದಿದ್ದು ಒಂದು ಜಾಗ ಮಾರಿದ್ದರಿಂದ ಅಂತ ಆಮೇಲೆ ಗೊತ್ತಾಯ್ತು, ರಿಸಲ್ಟ್ ಶೀಟಲ್ಲಿ ಫೈನಾನ್ಸ್ ಕಾಸ್ಟ್ ಅನ್ನೋ ಸಾಲಿನಲ್ಲಿ ಬಡ್ಡಿ ಒಂದು ವರ್ಷದಲ್ಲಿ ಭಾರೀ ಏರಿತ್ತು, ಕಂಪನಿಯ ದುಡಿಮೆಗಿಂತ ಬಡ್ಡಿನೇ ಜಾಸ್ತಿ. 31 ವರ್ಷ ಸಾಲಗಾರರ ಮುಖ ನೋಡಿದ ನಾನು ಇದನ್ನ ನೋಡಲಿಲ್ಲ ಅಂದ್ರೆ ನಾಚಿಕೆ. ಸಂಘದಲ್ಲಿ ಯಾರಾದ್ರೂ ತೋಟ ಮಾರಿದ ದುಡ್ಡನ್ನ ವರ್ಷದ ಆದಾಯ ಅಂತ ಬರ್ಕೊಂಡು ಬಂದಿದ್ರೆ ಅರ್ಜಿ ಮುಖಕ್ಕೆ ವಾಪಸ್ ಕೊಡ್ತಿದ್ದೆ. ಆ ಕಂಪನಿ ದಿವಾಳಿ ಕೋರ್ಟಿಗೆ ಹೋಯ್ತು, ಷೇರುದಾರರಿಗೆ ಏನೂ ಬರಲಿಲ್ಲ, ಡಿಮ್ಯಾಟಲ್ಲಿ ಹೆಸರು ಮಾತ್ರ ಇನ್ನೂ ಕೂತಿದೆ. ನನ್ನ ಹೆಂಡತಿ ಆ ದುಡ್ಡಲ್ಲಿ ಕಣಕ್ಕೆ ಸಿಮೆಂಟ್ ಹಾಕ್ಸೋಣ ಅಂದಿದ್ದಳು, ಪ್ರತಿ ವರ್ಷ ಕಾಫಿ ಒಣಗಿಸೋವಾಗ ಈಗಲೂ ನೆನಪಿಸ್ತಾಳೆ.

ನಾನೊಬ್ಬನೇ ಅಲ್ಲ ಬಿಡಿ. ಮನೆ ಸಾಲ ಕೊಡ್ತಿದ್ದ, ದಿವಾಳಿ ಆದ ಡಿಎಚ್‌ಎಫ್‌ಎಲ್ ಕಂಪನಿ ಕಥೆ ನೆನಪಿರಬಹುದು. 2021ರ ಜೂನ್‌ನಲ್ಲಿ ಅದನ್ನ ಕೊಳ್ಳೋ ಪಿರಾಮಲ್‌ನವರ ಪ್ಲಾನಿಗೆ ಎನ್‌ಸಿಎಲ್‌ಟಿ (ದಿವಾಳಿ ಕೋರ್ಟು) ಒಪ್ಪಿಗೆ ಕೊಡ್ತು, ಒಳ್ಳೆ ಸುದ್ದಿ ಅಂತ ಸಣ್ಣ ಹೂಡಿಕೆದಾರರು ಷೇರಿಗೆ ಮುಗಿಬಿದ್ರು, ಬೆಲೆ ಏರಿತು. ಕೆಲವೇ ದಿನದಲ್ಲಿ ವಹಿವಾಟು ನಿಂತು, ಷೇರಿನ ಬೆಲೆ ಸೊನ್ನೆ ಅಂತ ಷೇರುಪೇಟೆ ಪಟ್ಟಿಯಿಂದಲೇ ಡಿಲಿಸ್ಟ್ ಆಯ್ತು. ಒಳ್ಳೆ ಸುದ್ದಿ ನಿಜವೇ, ಸಾಲ ಕೊಟ್ಟವರಿಗೆ. ಕೊನೇ ಪಂಕ್ತಿಯಲ್ಲಿ ಎಲೆ ಹಾಕ್ಕೊಂಡು ಕೂತವ್ರಿಗೆ ಪಾತ್ರೆ ತೊಳೆಯೋ ಸದ್ದು ಕೇಳ್ಸಿತು ಅಷ್ಟೇ.

ಕಾಫಿಯವ್ರಾಗಿ ನಾವು ಮರೆಯೋಕಾಗದ್ದು ಕಾಫಿ ಡೇ. 2015ರ ಅಕ್ಟೋಬರಲ್ಲಿ 328 ರೂಪಾಯಿಗೆ ಐಪಿಒ (ಜನರಿಗೆ ಮೊದಲ ಸಲ ಷೇರು ಮಾರೋದು) ಬಂದು 1,150 ಕೋಟಿ ಎತ್ತಿದಾಗ ಅದರಲ್ಲಿ ದೊಡ್ಡ ಪಾಲು ಸಾಲ ತೀರಿಸೋಕೆ ಅಂತಲೇ ಬರೆದಿತ್ತು. ಹೊಸ ಅಂಗಡಿ, ಹೊಸ ಮೆಷಿನು ಅಂತೆಲ್ಲ ನಾವು ಮಾತಾಡ್ತಿದ್ವಿ, ಆ ಲೈನು ಓದಿದವ್ರು ಕಮ್ಮಿ. 2019ರಲ್ಲಿ ತಮ್ಮ ಹತ್ರ ಇದ್ದ ಐಟಿ ಕಂಪನಿ ಮೈಂಡ್‌ಟ್ರೀಯ ಶೇ 20ರಷ್ಟು ಷೇರನ್ನ ಎಲ್ ಅಂಡ್ ಟಿಗೆ ಒಂದಕ್ಕೆ 980 ರೂಪಾಯಿ ಥರ ಮಾರಿದ್ರು, ಮೂರು ಸಾವಿರ ಕೋಟಿಗೂ ಮೇಲೆ. ಅದೇ ಜುಲೈನಲ್ಲಿ ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರು ತೀರಿಹೋದ್ರು, ಅದರ ಬಗ್ಗೆ ನಾನು ಇಲ್ಲಿ ಜಾಸ್ತಿ ಬರೆಯಲ್ಲ, ಮಲೆನಾಡಿನ ಬೆಳೆಗಾರರಿಗೆ ಅವರು ಏನು ಅಂತ ಎಲ್ಲರಿಗೂ ಗೊತ್ತು. ಲೆಕ್ಕದ ಮಾತು ಮಾತ್ರ ಹೇಳ್ತೀನಿ, 2019-20ರ ಲೆಕ್ಕದಲ್ಲಿ ಆ ಮಾರಾಟದಿಂದ ಕಂಪನಿ ದೊಡ್ಡ ಲಾಭ ತೋರಿಸ್ತು, ಷೇರು ಮಾತ್ರ ಎರಡಂಕಿಯಲ್ಲೇ ಉಳೀತು. ಯಾಕೆ ಅಂದ್ರೆ ಅದು ದುಡಿದ ಲಾಭ ಅಲ್ಲ, ಇದ್ದ ಒಳ್ಳೆ ಆಸ್ತಿ ಕೊಟ್ಟು ಸಾಲ ಇಳಿಸಿದ್ದು, ಪೇಟೆ ನೋಡಿದ್ದು ಇನ್ನೂ ಎಷ್ಟು ಸಾಲ ಉಳಿದಿದೆ ಅಂತ.

ಇನ್ನೊಂದು ನಮ್ಮ ಪಕ್ಕದ್ದೇ. ಟಾಟಾ ಕಾಫಿಯ ರಿಜಿಸ್ಟರ್ಡ್ ಆಫೀಸು ಇದ್ದಿದ್ದು ನಮ್ಮ ಪಾಲಿಬೆಟ್ಟದಲ್ಲಿ. 2006ರಲ್ಲಿ ಅವರು ಅಮೆರಿಕದ ಎಯ್ಟ್ ಓಕ್ಲಾಕ್ ಕಾಫಿಯನ್ನ 22 ಕೋಟಿ ಡಾಲರ್ ಕೊಟ್ಟು ತಗೊಂಡಾಗ ಇಲ್ಲಿ ಎಲ್ಲರಿಗೂ ಹೆಮ್ಮೆ, ಕೊಡಗಿನ ಕಂಪನಿ ಅಮೆರಿಕದವ್ರಿಗೆ ಕಾಫಿ ಕುಡಿಸುತ್ತೆ ಅಂತ. ಅಷ್ಟು ದೊಡ್ಡ ಖರೀದಿ ಸಾಲ ಇಲ್ದೆ ಆಗೋದಲ್ಲ. ಆಮೇಲಿಂದ ಅವರ ರಿಸಲ್ಟಲ್ಲಿ ಎರಡು ಲೆಕ್ಕ, ಸ್ಟಾಂಡ್‌ಅಲೋನ್ (ಆ ಕಂಪನಿದು ಮಾತ್ರ) ಅಂತ ಒಂದು, ಕನ್ಸಾಲಿಡೇಟೆಡ್ (ಅಂಗ ಕಂಪನಿಗಳೂ ಸೇರಿ) ಅಂತ ಒಂದು. ಅಮೆರಿಕದ ಅಂಗ ಕಂಪನಿಯ ವ್ಯಾಪಾರ, ಅದರ ಸಾಲ, ಬಡ್ಡಿ ಎಲ್ಲ ಕಾಣೋದು ಎರಡನೆಯದರಲ್ಲಿ ಮಾತ್ರ. ಮಜಾ ಏನಂದ್ರೆ ಕಾಫಿ ರೇಟು ಏರಿದ್ರೆ ತೋಟಕ್ಕೆ ಲಾಭ, ಬೀಜ ಕೊಳ್ಳೋ ಅಮೆರಿಕದ ಕಂಪನಿಗೆ ಖರ್ಚು, ಒಂದೇ ಸುದ್ದಿಗೆ ಒಂದೇ ಮನೆಯಲ್ಲಿ ಒಬ್ಬ ನಗ್ತಾನೆ ಒಬ್ಬ ಅಳ್ತಾನೆ. 2024ರ ಜನವರಿ 1ಕ್ಕೆ ಅದು ಟಾಟಾ ಕನ್ಸ್ಯೂಮರ್‌ಗೆ ಸೇರಿ ಹೋಯ್ತು, 10 ಷೇರಿಗೆ 3 ಕೊಟ್ರು, ನನ್ನ ಹತ್ರನೂ ಒಂದಿಷ್ಟಿದ್ವು. ನೀವು ಫಲಿತಾಂಶ ಹಾಕೋವಾಗ ಒಂದು ಕಂಪನಿದು ಸ್ಟಾಂಡ್‌ಅಲೋನ್, ಪಕ್ಕದ ಕಂಪನಿದು ಕನ್ಸಾಲಿಡೇಟೆಡ್ ಹಾಕ್ತೀರಿ, ಯಾವುದು ಯಾವುದು ಅಂತ ಬರೆಯಲ್ಲ. ಸಾಲ ಮಗಳ ಮನೆಯಲ್ಲಿ ಇಟ್ಟು ಅಪ್ಪ ನನಗೆ ಸಾಲವೇ ಇಲ್ಲ ಅಂದ್ರೆ ನಮ್ಮ ಸಂಘದಲ್ಲಿ ನಡೀತಿತ್ತಾ?

ಬಡ್ಡಿ ದರದ ಆಟವೂ ಇದೆ. 2022ರ ಮೇನಲ್ಲಿ ರಿಸರ್ವ್ ಬ್ಯಾಂಕು ರೆಪೊ (ಬ್ಯಾಂಕುಗಳಿಗೆ ತಾನು ಸಾಲ ಕೊಡೋ ಬಡ್ಡಿ ದರ) ಶೇ 4ರಿಂದ ಏರಿಸೋಕೆ ಶುರು ಮಾಡಿ 2023ರ ಫೆಬ್ರವರಿ ಹೊತ್ತಿಗೆ ಶೇ 6.5ಕ್ಕೆ ತಂತು. ಸಾವಿರ ಕೋಟಿ ಫ್ಲೋಟಿಂಗ್ (ದರದ ಜೊತೆ ಬಡ್ಡಿ ಏರಿ ಇಳಿಯೋ) ಸಾಲ ಇರೋ ಕಂಪನಿಗೆ ಅಷ್ಟೂ ಏರಿಕೆ ತಾಗಿದ್ರೆ ವರ್ಷಕ್ಕೆ 25 ಕೋಟಿ ಹೆಚ್ಚುವರಿ ಬಡ್ಡಿ, ಕಂಪನಿ ಒಂದು ತಪ್ಪೂ ಮಾಡದೇ. ಇಳಿದಾಗ ಅದೇ ದುಡ್ಡು ಲಾಭ ಅಂತ ಬರುತ್ತೆ, ಎಂಡಿ ಸಾಹೇಬ್ರು ಅದಕ್ಕೂ ಖುಷಿ ಪಡ್ತಾರೆ.

ಇಷ್ಟೆಲ್ಲ ಹುಡುಕೋದು ನಮ್ಮಂಥವರಿಗೆ ಸುಲಭ ಇಲ್ಲ, ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಷೇರುಪೇಟೆ ನೋಡ್ಕೊಳ್ಳೋ ಸೆಬಿಯ ನಿಯಮದ ಪ್ರಕಾರ ಕ್ವಾರ್ಟರ್ ಮುಗಿದು 45 ದಿನದೊಳಗೆ ರಿಸಲ್ಟ್ ಕೊಡ್ಬೇಕು, ವರ್ಷದ್ದಕ್ಕೆ 60 ದಿನ. ಆದ್ರೆ ಆಸ್ತಿ ಎಷ್ಟು ಸಾಲ ಎಷ್ಟು ಅನ್ನೋ ಪಟ್ಟಿಯನ್ನ ಸೆಪ್ಟೆಂಬರ್ ಮತ್ತೆ ಮಾರ್ಚ್ ರಿಸಲ್ಟ್ ಜೊತೆ ಕೊಟ್ರೆ ಸಾಕು, ವರ್ಷಕ್ಕೆ ಎರಡೇ ಸಲ. ಜೂನ್ ಮತ್ತೆ ಡಿಸೆಂಬರ್ ಕ್ವಾರ್ಟರಲ್ಲಿ ಲಾಭ ಕಾಣುತ್ತೆ, ಸಾಲದ ಮೊತ್ತ ಕಾಣಲ್ಲ. ಲಿಸ್ಟ್ ಆದ ಡಿಬೆಂಚರ್ ಇರೋ ಕಂಪನಿಗಳು ಮಾತ್ರ ಸಾಲ ಬಂಡವಾಳದ ಅನುಪಾತ, ಬಡ್ಡಿಗೆ ಎಷ್ಟು ಪಟ್ಟು ದುಡಿಮೆ ಇದೆ ಅನ್ನೋದನ್ನ ಪ್ರತಿ ಕ್ವಾರ್ಟರ್ ಕೊಡ್ತಾರೆ. ಜೂನ್ ಕ್ವಾರ್ಟರ್ ರಿಸಲ್ಟ್ ಬರೋದು ಆಗಸ್ಟ್ 14ರೊಳಗೆ, ಆಗ ನಮ್ಮಲ್ಲಿ ಕರೆಂಟು ಇರಲ್ಲ ನೆಟ್‌ವರ್ಕ್ ಇರಲ್ಲ, ಎಕ್ಸ್‌ಚೇಂಜ್ ವೆಬ್‌ಸೈಟಲ್ಲಿ 20 ಪುಟದ ಪಿಡಿಎಫ್ ತೆಗಿಯೋದು ಎಲ್ಲಿಂದ ಬಂತು, ಬಸ್ಸಲ್ಲಿ ಬರೋ ನಿಮ್ಮ ಪೇಪರೇ ಗತಿ, ಅದೂ ಒದ್ದೆ ಆಗಿ ಬರುತ್ತೆ.

ಹಾಗಾಗಿ ನಾನು ಕೇಳೋದು ಇಷ್ಟೇ. ಲಾಭದ ಕೆಳಗೆ ಫೈನಾನ್ಸ್ ಕಾಸ್ಟ್ ಎಷ್ಟು, ಹೋದ ವರ್ಷ ಎಷ್ಟಿತ್ತು ಅಂತ ಹಾಕಿ, ಅದು ಪ್ರತಿ ಕ್ವಾರ್ಟರ್ ಶೀಟಲ್ಲೂ ಇರುತ್ತೆ, ಹುಡುಕೋ ಕಷ್ಟ ಇಲ್ಲ. ಕೊನೇ ಸಲ ತೋರಿಸಿದ ಒಟ್ಟು ಸಾಲ ಎಷ್ಟು, ಯಾವ ತಿಂಗಳದ್ದು ಅಂತಲೂ ಹಾಕಿ. ಜಾಗ ಮಾರಿದ್ದು, ಬ್ಯಾಂಕು ಸಾಲ ಮನ್ನಾ ಮಾಡಿದ್ದು, ಇಂಥಾ ಒಂದು ಸಲದ ಲಾಭ ಇದ್ರೆ ಅದನ್ನ ಬೇರೆ ಮಾಡಿ ಹೇಳಿ. ಬ್ಯಾಂಕು ಫೈನಾನ್ಸ್ ಕಂಪನಿಗಳಿಗೆ ಇದು ಬೇಡ, ಅವಕ್ಕೆ ಸಾಲ ತರೋದೇ ದಂಧೆ, ಕಾಫಿ ಕ್ಯೂರಿಂಗ್‌ನವನಿಗೆ (ಚೆರಿಯ ಸಿಪ್ಪೆ ತೆಗೆದು ಬೀಜ ಮಾಡಿಕೊಡೋನು) ಬೇರೆಯವ್ರ ಚೆರಿ ಇದ್ದ ಹಾಗೆ. ವಿಮಾನ ಕಂಪನಿ, ಅಂಗಡಿ ಚೈನ್ ಇರೋ ಕಂಪನಿಗಳಲ್ಲಿ ಸ್ವಲ್ಪ ಜೋಪಾನ, 2019ರ ಏಪ್ರಿಲ್‌ನಿಂದ ಬಾಡಿಗೆ ಒಪ್ಪಂದನೂ ಸಾಲದ ಥರ ಲೆಕ್ಕದಲ್ಲಿ ಸೇರಿಸ್ಬೇಕು ಅಂತ ನಿಯಮ ಬಂದಿದೆ, ಅದರಿಂದ ನೋಡೋಕೆ ಸಾಲ ಜಾಸ್ತಿ ಕಾಣುತ್ತೆ.

ಜಾಗ ಇಲ್ಲ ಅಂತ ಹೇಳ್ಬೇಡಿ. ಎಂಡಿಗಳ ಫೋಟೊ ಎರಡು ಕಾಲಮ್ ಹಾಕ್ತೀರಲ್ಲ, ಅದನ್ನ ಒಂದು ಕಾಲಮ್‌ಗೆ ಇಳಿಸಿದ್ರೆ ನಾನು ಕೇಳಿದ್ದೆಲ್ಲ ಕೂರುತ್ತೆ, ನಾನು ಸ್ಕೇಲ್ ಇಟ್ಟು ಅಳೆದಿದ್ದೀನಿ.

ಇಂತಿ,
ನಿಮ್ಮ ಹಳೇ ಚಂದಾದಾರ,
ನಾಪೋಕ್ಲು, ಕೊಡಗು